ಔಟ್‌ಸ್ಟ್ಯಾಂಡಿಂಗ್ ಎಂದರೆ ಸುಸ್ತಿಯಲ್ಲ

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ. ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುತ್ತೇವೆ. ನಾನು ಬಿ.ಕಾಂ. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಕಳೆದ ವಾರ ಅಪ್ಪನ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲದ ಬಗ್ಗೆ ಬ್ಯಾಂಕಿನಿಂದ ಇಂಗ್ಲಿಷಿನಲ್ಲಿ ಒಂದು ಸಂದೇಶ ಬಂದಿತು. 'ಔಟ್‌ಸ್ಟ್ಯಾಂಡಿಂಗ್ 2,07,671' ಎಂದೂ 'ಓವರ್‌ಡ್ಯೂ 0.00' ಎಂದೂ ಅದರಲ್ಲಿತ್ತು. ಅದನ್ನು ಓದಿದ ಪಕ್ಕದ ಮನೆಯವರು, ಬಾಕಿ ನಿಂತಿದೆ, ಇನ್ನು ನೋಟಿಸು ಬರುತ್ತದೆ ಎಂದುಬಿಟ್ಟರು. ಅಪ್ಪ ಗಾಬರಿಯಾಗಿದ್ದಾರೆ. ಊರಿನಲ್ಲೇ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಮೇಲೆ ಕೈಸಾಲ ತಂದು ಕಟ್ಟುವ ಯೋಚನೆ ಮಾಡುತ್ತಿದ್ದಾರೆ. ನನ್ನ ಪಠ್ಯದಲ್ಲಿ 'ಔಟ್‌ಸ್ಟ್ಯಾಂಡಿಂಗ್ ಸ್ಯಾಲರಿ' ಎಂದಿದೆ, ಪತ್ರಿಕೆಯಲ್ಲಿ 'ಔಟ್‌ಸ್ಟ್ಯಾಂಡಿಂಗ್ ಷೇರು' ಎಂದಿರುತ್ತದೆ, ಕಾಲೇಜಿನ ಪ್ರಶಸ್ತಿ ಪತ್ರದಲ್ಲಿ ಇದೇ ಪದ ಹೊಗಳಿಕೆಯಾಗಿದೆ. ಇದರ ನಿಜವಾದ ಅರ್ಥವೇನು? ಎಲ್ಲಿ ಹೇಗೆ ಬಳಸಬೇಕು?

ಉತ್ತರ: ಮೊದಲು ನಿಮ್ಮ ತಂದೆಯವರಿಗೆ ಒಂದು ಮಾತು ಹೇಳಿ: ಕೈಸಾಲ ತರುವುದು ಬೇಡ. ಆ ಸಂದೇಶದಲ್ಲಿ ಎರಡು ಅಂಕಿಗಳಿವೆ. ಚಿಂತೆ ಮಾಡಬೇಕಾದದ್ದು ಎರಡನೆಯದರ ಬಗ್ಗೆ, ಅದು ಸೊನ್ನೆ ಇದೆ.

ಸಾಲದ ಲೆಕ್ಕದಲ್ಲಿ ಔಟ್‌ಸ್ಟ್ಯಾಂಡಿಂಗ್ ಎಂದರೆ ಇನ್ನೂ ತೀರದೆ ಉಳಿದಿರುವ ಮೊತ್ತ. ಅದನ್ನು ಕಟ್ಟುವ ದಿನ ಬಂದಿದೆಯೇ, ಇನ್ನೂ ದೂರವಿದೆಯೇ, ದಾಟಿಹೋಗಿದೆಯೇ ಎಂಬ ಯಾವ ಮಾತನ್ನೂ ಆ ಪದ ಹೇಳುವುದಿಲ್ಲ. ಇವತ್ತು ಬೆಳಿಗ್ಗೆ ಮಂಜೂರಾದ ಸಾಲ ಮಧ್ಯಾಹ್ನ ಖಾತೆಗೆ ಜಮೆಯಾದರೆ ಸಂಜೆಯ ಹೊತ್ತಿಗೆ ಅಷ್ಟೂ ಹಣ ಔಟ್‌ಸ್ಟ್ಯಾಂಡಿಂಗ್ ಆಗಿರುತ್ತದೆ. ಸಾಲಗಾರ ಯಾವ ತಪ್ಪನ್ನೂ ಮಾಡಿರುವುದಿಲ್ಲ. ಡ್ಯೂ ಎಂದರೆ ಕಟ್ಟುವ ವಾಯಿದೆ ಬಂದಿರುವ ಹಣ. ಓವರ್‌ಡ್ಯೂ ಎಂದರೆ ವಾಯಿದೆ ದಾಟಿಯೂ ಕಟ್ಟದೆ ಉಳಿದದ್ದು. ಓವರ್‌ಡ್ಯೂ ಆದದ್ದೆಲ್ಲ ಔಟ್‌ಸ್ಟ್ಯಾಂಡಿಂಗ್‌ನೊಳಗೇ ಸೇರಿರುತ್ತದೆ, ಆದರೆ ಔಟ್‌ಸ್ಟ್ಯಾಂಡಿಂಗ್ ಆದದ್ದೆಲ್ಲ ಓವರ್‌ಡ್ಯೂ ಅಲ್ಲ.

ಗೊಂದಲಕ್ಕೆ ಕಾರಣ ನಮ್ಮ 'ಬಾಕಿ' ಎಂಬ ಮಾತು. ಆಡುಮಾತಿನಲ್ಲಿ ಮೂರಕ್ಕೂ ನಾವು ಬಾಕಿ ಎಂದೇ ಹೇಳುತ್ತೇವೆ. ನಿಮ್ಮ ನೆರೆಯವರು ಹೇಳಿದ್ದು ಸುಳ್ಳಲ್ಲ, ಆದರೆ ಅವರು ಬಳಸಿದ ಪದ ಈ ವ್ಯತ್ಯಾಸವನ್ನು ಹೇಳಲಾರದು. ನಮ್ಮ ಸಹಕಾರ ಸಂಘಗಳ ಲೆಕ್ಕ ಬರೆಯುವವರು ಇದನ್ನು ಎಷ್ಟೋ ಹಿಂದೆಯೇ ಬಗೆಹರಿಸಿಕೊಂಡಿದ್ದಾರೆ. ಔಟ್‌ಸ್ಟ್ಯಾಂಡಿಂಗ್‌ಗೆ ಅವರು ಬರೆಯುವುದು 'ಹೊರಬಾಕಿ', ಓವರ್‌ಡ್ಯೂಗೆ 'ಸುಸ್ತಿ'. ಸುಸ್ತಿ ಮಾಡಿದವನು ಸುಸ್ತಿದಾರ. ಏನೂ ಉಳಿದಿಲ್ಲ ಎಂದು ಬರೆದುಕೊಡುವುದು ಬೇಬಾಕಿ ಪತ್ರ. ಇಷ್ಟು ಚೊಕ್ಕ ಪದಗಳು ಕೈಯಲ್ಲಿರುವಾಗ ಬ್ಯಾಂಕುಗಳು ರೈತನ ಮೊಬೈಲಿಗೆ ಇಂಗ್ಲಿಷಿನಲ್ಲೇ ಸಂದೇಶ ಕಳಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ. 'ಹೊರಬಾಕಿ 2,07,671, ಸುಸ್ತಿ ಇಲ್ಲ' ಎಂದು ಕನ್ನಡದಲ್ಲಿ ಬಂದಿದ್ದರೆ ನಿಮ್ಮ ಮನೆಯಲ್ಲಿ ಯಾರೂ ನಿದ್ದೆಗೆಡುತ್ತಿರಲಿಲ್ಲ.

ಈಗ ಆ ಅಂಕಿಯನ್ನೇ ಬಿಡಿಸಿ ನೋಡೋಣ. ಅಸಲು 2 ಲಕ್ಷವನ್ನು ಒಂದೇ ದಿನ ತೆಗೆದುಕೊಂಡಿದ್ದೀರಿ, ಬಡ್ಡಿ ವರ್ಷಕ್ಕೆ 7% ಎಂದು ಇಟ್ಟುಕೊಂಡರೆ ದಿನಕ್ಕೆ 38 ರೂಪಾಯಿ ಚಿಲ್ಲರೆ ಬೀಳುತ್ತದೆ. 200 ದಿನಕ್ಕೆ 7,671 ರೂಪಾಯಿ. ನಿಮ್ಮ ಸಂದೇಶದ ಮೊತ್ತ ಸರಿಯಾಗಿ ಇದಕ್ಕೆ ಹೊಂದುತ್ತದೆ. ಮುಂಗಾರಿನ ನಾಟಿಗೆ ಮೊದಲು ತೆಗೆದ ಸಾಲ, ಕೊಯ್ಲಿನ ಹೊತ್ತಿಗೆ ಇಷ್ಟಾಗಿದೆ. ಸಹಜವಾಗಿಯೇ ಇದೆ.

ವಾಯಿದೆಗೆ ಇನ್ನು 165 ದಿನ ಇದೆ ಎನ್ನಿ. ಅಷ್ಟೂ ದಿನ ಕಾದು ಕಟ್ಟಿದರೆ ಬ್ಯಾಂಕಿಗೆ ಹೆಚ್ಚುವರಿಯಾಗಿ ಹೋಗುವ ಬಡ್ಡಿ ಸುಮಾರು 6,300 ರೂಪಾಯಿ. ನೂರಕ್ಕೆ ಮೂರರಂತೆ ಕೈಸಾಲ ತಂದು ಇವತ್ತೇ ಕಟ್ಟಿದರೆ? 2,07,671ಕ್ಕೆ ಒಂದೇ ತಿಂಗಳ ಬಡ್ಡಿ 6,230 ರೂಪಾಯಿ. ಬ್ಯಾಂಕು ಐದೂವರೆ ತಿಂಗಳಿಗೆ ತೆಗೆದುಕೊಳ್ಳುವುದನ್ನು ಕೈಸಾಲ ಒಂದು ತಿಂಗಳಿಗೇ ತೆಗೆದುಕೊಳ್ಳುತ್ತದೆ. ವರ್ಷದ ಲೆಕ್ಕದಲ್ಲಿ ಅದು 36%. ಒಂದು ಇಂಗ್ಲಿಷ್ ಪದವನ್ನು ತಪ್ಪಾಗಿ ಓದಿದ್ದಕ್ಕೆ ಒಂದು ಕುಟುಂಬ ತೆರಬಹುದಾಗಿದ್ದ ಬೆಲೆ ಇದು. ರೇಟು ಬಿದ್ದಿರುವಾಗ ಗಂಗಾವತಿಯ ಮಿಲ್ಲಿಗೋ ಸಿಂಧನೂರಿನ ಅಡತಿ ಅಂಗಡಿಗೋ ಅವಸರದಲ್ಲಿ ಭತ್ತ ಹಾಕಿಬಿಡುವವರ ನಷ್ಟವೂ ಇದೇ ಜಾತಿಯದು.

ಹಾಗೆಂದು ವಾಯಿದೆಯನ್ನು ಮರೆಯುವಂತಿಲ್ಲ. ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ 3 ಲಕ್ಷದವರೆಗಿನ ಬೆಳೆಸಾಲಕ್ಕೆ ಕೇಂದ್ರದ ಬಡ್ಡಿ ಸಹಾಯಧನ ಸೇರಿ ದರ 7%. ವಾಯಿದೆಯೊಳಗೆ ಕಟ್ಟಿದವರಿಗೆ ಮತ್ತೆ 3% ರಿಯಾಯಿತಿ ಸಿಕ್ಕಿ ಅದು 4%ಕ್ಕೆ ಇಳಿಯುತ್ತದೆ. 2 ಲಕ್ಷಕ್ಕೆ ವರ್ಷಕ್ಕೆ 14,000 ಆಗಬೇಕಾದ ಬಡ್ಡಿ 8,000 ಆಗುತ್ತದೆ. ವಾಯಿದೆ ದಾಟಿತೋ, ಆ ರಿಯಾಯಿತಿ ಹೋಗುತ್ತದೆ. ದಾಟಿದ ದಿನದಿಂದ ಮುಂದಕ್ಕೆ 7%ದ ಸವಲತ್ತೂ ಇರುವುದಿಲ್ಲ, ಬ್ಯಾಂಕಿನ ಮಾಮೂಲಿ ದರ ಹತ್ತುತ್ತದೆ. ಆದ್ದರಿಂದ ಆ ಸಂದೇಶದಲ್ಲಿ ಇಲ್ಲದ ಮೂರನೆಯ ವಿವರವೊಂದಿದೆ, ಅದನ್ನು ಶಾಖೆಗೆ ಹೋಗಿ ಕೇಳಿ ಬರೆದುಕೊಳ್ಳಿ: ವಾಯಿದೆಯ ದಿನಾಂಕ.

ಟ್ರ್ಯಾಕ್ಟರ್ ಸಾಲದಂಥ ಕಂತಿನ ಸಾಲದಲ್ಲಿ ಈ ಎರಡು ಅಂಕಿಗಳ ಅಂತರ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 6 ಲಕ್ಷದ ಸಾಲದಲ್ಲಿ 4,20,000 ಹೊರಬಾಕಿ ಇದೆ, 60,000 ರೂಪಾಯಿಯ ಒಂದು ಕಂತು ತಪ್ಪಿದೆ ಎಂದುಕೊಳ್ಳಿ. ಸುಸ್ತಿ 60,000 ಮಾತ್ರ. ಅದನ್ನೂ ಅದರ ಬಡ್ಡಿಯನ್ನೂ ಕಟ್ಟಿದರೆ ಖಾತೆ ಮತ್ತೆ ಸರಿದಾರಿಗೆ ಬರುತ್ತದೆ. ವಸೂಲಿಗೆ ಬಂದವರು "ನಾಲ್ಕು ಲಕ್ಷ ಇಪ್ಪತ್ತು ಸಾವಿರ ಬಾಕಿ ಇದೆ" ಎಂದು ಊರ ಮುಂದೆ ಗಟ್ಟಿಯಾಗಿ ಹೇಳಿದರೆ ಕೇಳಿದವರಿಗೆ ಅಷ್ಟನ್ನೂ ಇವತ್ತೇ ಕಟ್ಟಬೇಕೇನೋ ಎನಿಸುತ್ತದೆ. ಅಂಥ ಹೊತ್ತಿನಲ್ಲಿ ಕೇಳಬೇಕಾದದ್ದು ಒಂದೇ ಪ್ರಶ್ನೆ, ಇದರಲ್ಲಿ ಸುಸ್ತಿ ಎಷ್ಟು? ಕಂತುಗಳು ಮೇಲಿಂದ ಮೇಲೆ ತಪ್ಪಿದಾಗ ಒಪ್ಪಂದದ ಪ್ರಕಾರ ಇಡೀ ಸಾಲವನ್ನು ಮರಳಿಸಿ ಎಂದು ಬ್ಯಾಂಕು ಲಿಖಿತ ನೋಟಿಸು ಕೊಡಬಹುದು. ಅಂಥ ನೋಟಿಸು ಬಂದ ಮೇಲೆ ಮಾತ್ರ ಅಷ್ಟೂ ಹೊರಬಾಕಿ ಒಟ್ಟಿಗೆ ಡ್ಯೂ ಆಗುತ್ತದೆ. ತಪ್ಪಿದ ಕಂತಿಗೆ ಹಾಕುವ ದಂಡದ ವಿಷಯದಲ್ಲೂ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ನಿಯಮ ಬಿಗಿ ಮಾಡಿದೆ: ಅದನ್ನು ದಂಡಬಡ್ಡಿಯಾಗಿ ಹಾಕುವಂತಿಲ್ಲ, ಶುಲ್ಕವಾಗಿ ಮಾತ್ರ ಹಾಕಬೇಕು, ಆ ಶುಲ್ಕವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಲೆಕ್ಕ ಹಾಕುವಂತಿಲ್ಲ.

ಇದು ಬರೀ ಪದಕೋಶದ ವಿಷಯ ಎಂದುಕೊಳ್ಳಬೇಡಿ. ಸರ್ಕಾರದ ದೊಡ್ಡ ದೊಡ್ಡ ನಿರ್ಧಾರಗಳೇ ಈ ಎರಡು ವಿಶೇಷಣಗಳ ನಡುವಿನ ಗೆರೆಯ ಮೇಲೆ ನಿಂತಿವೆ. 2008ರಲ್ಲಿ ಕೇಂದ್ರ ಸರ್ಕಾರ ಕೃಷಿ ಸಾಲ ಮನ್ನಾ ಮಾಡಿದಾಗ ಸಾಲ ಇದ್ದವರಿಗೆಲ್ಲ ಅದು ಸಿಗಲಿಲ್ಲ. 2007ರ ಮಾರ್ಚ್ 31ರೊಳಗೆ ಕೊಟ್ಟ ಸಾಲವಾಗಿರಬೇಕಿತ್ತು, 2007ರ ಡಿಸೆಂಬರ್ 31ಕ್ಕೆ ಅದು ಓವರ್‌ಡ್ಯೂ ಆಗಿರಬೇಕಿತ್ತು, 2008ರ ಫೆಬ್ರವರಿ 29ರವರೆಗೂ ಕಟ್ಟದೆ ಉಳಿದಿರಬೇಕಿತ್ತು. ಎರಡು ಹೆಕ್ಟೇರಿನವರೆಗಿನ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಅಂಥ ಮೊತ್ತ ಪೂರ್ತಿ ಮನ್ನಾ ಆಯಿತು. ಅದಕ್ಕಿಂತ ಹೆಚ್ಚು ಹಿಡುವಳಿ ಇದ್ದವರಿಗೆ ಉಳಿದದ್ದನ್ನು ಕಟ್ಟಿದರೆ ಕಾಲು ಭಾಗ ರಿಯಾಯಿತಿ. ಅಕ್ಕಪಕ್ಕದ ಹೊಲದವರು, ಒಂದೇ ಮೊತ್ತದ ಹೊರಬಾಕಿ ಇದ್ದವರು, ಒಬ್ಬರಿಗೆ ಮನ್ನಾ ಆಗಿ ಇನ್ನೊಬ್ಬರಿಗೆ ಆಗದೆ ಹೋದದ್ದು ಈ ಕಾರಣದಿಂದ. ರಾಜ್ಯ ಸರ್ಕಾರ 2018ರ ಜುಲೈನಲ್ಲಿ ಮಾಡಿದ ಮೊದಲ ಘೋಷಣೆಯಲ್ಲೂ 2 ಲಕ್ಷದವರೆಗಿನ ಮನ್ನಾ ಇದ್ದದ್ದು 2017ರ ಡಿಸೆಂಬರ್ 31ರವರೆಗಿನ ಸುಸ್ತಿ ಸಾಲಕ್ಕೆ. ವಾಯಿದೆಗೆ ಸರಿಯಾಗಿ ಕಟ್ಟಿದವರಿಗೆ 25,000 ರೂಪಾಯಿಯವರೆಗೆ ಎಂದು ಬೇರೆ ಲೆಕ್ಕವಿತ್ತು. ಕಷ್ಟಪಟ್ಟು ವಾಯಿದೆ ಉಳಿಸಿಕೊಂಡವರಿಗೆ ಆಗ ಆದ ನೋವು ನ್ಯಾಯವಾದದ್ದೇ. ಆದರೆ ಮುಂದೊಂದು ಮನ್ನಾ ಬರಬಹುದೆಂದು ಬೇಕೆಂದೇ ಸುಸ್ತಿಯಾಗುವವರನ್ನು ಕಂಡರೆ ನನಗೆ ಆತಂಕವಾಗುತ್ತದೆ. ಬರದೇ ಹೋಗಬಹುದಾದ ಮನ್ನಾಕ್ಕಾಗಿ ಅವರು ಖಂಡಿತ ಸಿಗುವ 3% ರಿಯಾಯಿತಿಯನ್ನೂ ಮುಂದಿನ ವರ್ಷದ ಸಾಲವನ್ನೂ ಕಳೆದುಕೊಳ್ಳುತ್ತಾರೆ.

ನಿಜವಾಗಿ ಕಟ್ಟಲಾಗದ ವರ್ಷಗಳೂ ಬರುತ್ತವೆ. ತುಂಗಭದ್ರೆಯ ನೀರನ್ನು ನಂಬಿದ ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಕ್ರೆಸ್ಟ್‌ಗೇಟ್ ಕೊಚ್ಚಿಹೋದಾಗ ಕೊಪ್ಪಳದಿಂದ ಮಾನ್ವಿಯವರೆಗೆ ಎಷ್ಟು ಎದೆಗಳು ಡವಗುಟ್ಟಿದವು! ಸರ್ಕಾರ ಬರ ಅಥವಾ ನೆರೆ ಘೋಷಿಸಿ, ಬೆಳೆನಷ್ಟ 33% ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಬೆಳೆಸಾಲವನ್ನು ಕಂತಿನ ಅವಧಿ ಸಾಲವಾಗಿ ಪರಿವರ್ತಿಸಲು ರಿಸರ್ವ್ ಬ್ಯಾಂಕಿನ ನಿಯಮಗಳು ಅವಕಾಶ ಕೊಟ್ಟಿವೆ. ಹಾಗೆ ಪರಿವರ್ತಿಸಿದಾಗ ಹೊರಬಾಕಿ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ, ಆದರೆ ವಾಯಿದೆ ಮುಂದಕ್ಕೆ ಹೋಗುವುದರಿಂದ ಸುಸ್ತಿ ಇಲ್ಲವಾಗುತ್ತದೆ. ಇದನ್ನು ಸಾಲ ಮನ್ನಾ ಎಂದು ತಿಳಿದುಕೊಂಡು ಆಮೇಲೆ ಬ್ಯಾಂಕಿನೊಂದಿಗೆ ಜಗಳವಾಡುವವರಿದ್ದಾರೆ. ಸಹಿ ಹಾಕುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಕಟ್ಟದೆ ಬಿಟ್ಟರೆ ಸುಸ್ತಿಯ ಮುಂದಿನ ಮೆಟ್ಟಿಲು ಎನ್‌ಪಿಎ, ಅಂದರೆ ಬ್ಯಾಂಕು ವಸೂಲಾಗದ ಸಾಲವೆಂದು ಗುರುತಿಸುವ ಖಾತೆ. ಸಾಮಾನ್ಯ ಕಂತಿನ ಸಾಲ 90 ದಿನಕ್ಕಿಂತ ಹೆಚ್ಚು ಸುಸ್ತಿಯಾದರೆ ಎನ್‌ಪಿಎ ಆಗುತ್ತದೆ. ಭತ್ತದಂಥ ಅಲ್ಪಾವಧಿ ಬೆಳೆಯ ಸಾಲಕ್ಕೆ ಲೆಕ್ಕ ಬೇರೆ, ಅದು ಎರಡು ಬೆಳೆ ಹಂಗಾಮು ಸುಸ್ತಿಯಲ್ಲಿರಬೇಕು. ದೀರ್ಘಾವಧಿ ಬೆಳೆಗಾದರೆ ಒಂದು ಹಂಗಾಮು.

ಸಾಲಗಾರರ ಮರುಪಾವತಿಯ ಚರಿತ್ರೆ ತೋರಿಸುವ ಸಿಬಿಲ್ ವರದಿಯಲ್ಲೂ ಇದೇ ಭೇದವಿದೆ. ಅಲ್ಲಿ ಪ್ರತಿಯೊಂದು ಸಾಲದ ಮುಂದೆ ಉಳಿದ ಮೊತ್ತಕ್ಕೆ ಒಂದು ಅಂಕಣ, ಸುಸ್ತಿ ಮೊತ್ತಕ್ಕೆ ಬೇರೊಂದು ಅಂಕಣ, ಎಷ್ಟು ದಿನ ತಡವಾಯಿತು ಎನ್ನುವುದಕ್ಕೆ ತಿಂಗಳವಾರು ಪಟ್ಟಿ. ಉಳಿದ ಮೊತ್ತ ಇರುವುದು ಕಳಂಕವಲ್ಲ. ಸುಸ್ತಿಯ ಅಂಕಣದಲ್ಲಿ ಅಂಕಿ ಬಿದ್ದರೆ ಮುಂದೆ ನಿಮ್ಮ ಶಿಕ್ಷಣ ಸಾಲಕ್ಕೂ ತೊಡಕಾಗಬಹುದು, ಏಕೆಂದರೆ ಅದಕ್ಕೆ ಸಾಮಾನ್ಯವಾಗಿ ತಂದೆ ಅಥವಾ ತಾಯಿ ಸಹಸಾಲಗಾರರಾಗಿರುತ್ತಾರೆ. ಇಂಥ ವರದಿ ಕೊಡುವ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತಂದೆಯವರದನ್ನು ತರಿಸಿ ಒಮ್ಮೆ ನೋಡಿಬಿಡಿ.

ಇನ್ನು ಪದದ ಬಳಕೆಗೆ ಬರೋಣ. ಹೊಗಳಿಕೆಯ ಔಟ್‌ಸ್ಟ್ಯಾಂಡಿಂಗ್‌ಗೂ ಲೆಕ್ಕದ ಔಟ್‌ಸ್ಟ್ಯಾಂಡಿಂಗ್‌ಗೂ ಬೇರು ಒಂದೇ, ಹೊರಗೆ ಚಾಚಿ ನಿಂತದ್ದು ಎಂದು. ಗುಂಪಿನಿಂದ ಎದ್ದು ಕಾಣುವ ವಿದ್ಯಾರ್ಥಿನಿ ಒಂದು ಕವಲು, ಚುಕ್ತಾ ಆಗದೆ ಲೆಕ್ಕದ ಹೊರಗೆ ನಿಂತ ಹಣ ಇನ್ನೊಂದು ಕವಲು. ಎರಡನ್ನೂ ಗುರುತಿಸಲು ಒಂದು ಸುಲಭ ಪರೀಕ್ಷೆ ಇದೆ. ಹೊಗಳಿಕೆಯ ಪದಕ್ಕೆ ಹೆಚ್ಚು ಕಡಿಮೆ ಎಂಬುದಿರುತ್ತದೆ, ಅದರ ಮುಂದೆ 'ಮೋಸ್ಟ್' ಸೇರಿಸಬಹುದು. ಲೆಕ್ಕದ ಪದಕ್ಕೆ ಅದು ಹತ್ತುವುದಿಲ್ಲ. 'ಮೋಸ್ಟ್ ಔಟ್‌ಸ್ಟ್ಯಾಂಡಿಂಗ್ ಸ್ಟೂಡೆಂಟ್' ಸರಿ, 'ಮೋಸ್ಟ್ ಔಟ್‌ಸ್ಟ್ಯಾಂಡಿಂಗ್ ಲೋನ್' ಎಂದರೆ ಅರ್ಥವೇ ಇಲ್ಲ. ಹಣ ಒಂದೋ ತೀರಿದೆ ಇಲ್ಲವೇ ತೀರಿಲ್ಲ. ಬೇಕಿದ್ದರೆ 'ಸ್ಟಿಲ್', 'ಪಾರ್ಟ್ಲಿ', 'ಲಾಂಗ್' ಎಂಬ ಮಾತುಗಳು ಜೊತೆಗೆ ಬರಬಹುದು.

ವಾಕ್ಯದಲ್ಲಿ ಇದು ನಾಮಪದದ ಮುಂದೆಯೂ ಬರುತ್ತದೆ, ಹಿಂದೆಯೂ ಬರುತ್ತದೆ. 'ಔಟ್‌ಸ್ಟ್ಯಾಂಡಿಂಗ್ ಅಮೌಂಟ್' ಎಂದರೂ 'ಅಮೌಂಟ್ ಔಟ್‌ಸ್ಟ್ಯಾಂಡಿಂಗ್' ಎಂದರೂ ಒಂದೇ. ಬ್ಯಾಂಕಿನವರಿಗೆ ಎರಡನೆಯ ರೂಢಿ ಹೆಚ್ಚು, 'ಪ್ರಿನ್ಸಿಪಲ್ ಔಟ್‌ಸ್ಟ್ಯಾಂಡಿಂಗ್' ಎಂದರೆ ಉಳಿದಿರುವ ಅಸಲು ಮಾತ್ರ, ಬಡ್ಡಿ ಸೇರಿಲ್ಲ. ಈ ಪದದ ಬೆನ್ನಿಗೆ ಒಂದು ದಿನಾಂಕ ಇರಲೇಬೇಕು, ಯಾಕೆಂದರೆ ಬಡ್ಡಿ ದಿನವೂ ಏರುವುದರಿಂದ ನಿನ್ನೆಯ ಹೊರಬಾಕಿ ಇವತ್ತಿನದಲ್ಲ. ಸಾಲ ತೀರಿಸಲು ಹೋಗುವ ದಿನ ಹಳೆಯ ಸಂದೇಶದ ಮೊತ್ತವನ್ನಷ್ಟೇ ಕಟ್ಟಿ ಬಂದರೆ ನೂರಿನ್ನೂರು ರೂಪಾಯಿ ಉಳಿದುಬಿಡುತ್ತದೆ. ಆ ಚಿಲ್ಲರೆಯೇ ಮುಂದೆ ಸುಸ್ತಿಯಾಗಿ ಬೆಳೆಯುತ್ತದೆ, ಪಹಣಿಯ 11ನೇ ಕಾಲಮ್ಮಿನಲ್ಲಿ ಬ್ಯಾಂಕಿನ ಬೋಜಾ (ಜಮೀನಿನ ಮೇಲಿನ ಸಾಲದ ನಮೂದು) ಹಾಗೇ ಕೂತಿರುತ್ತದೆ. ತೀರಿಸುವ ದಿನದ ಮೊತ್ತವನ್ನು ಅಂದೇ ಕೇಳಿ ಕಟ್ಟಿ, ಬೇಬಾಕಿ ಪತ್ರ ಪಡೆದೇ ಶಾಖೆಯಿಂದ ಹೊರಡಬೇಕು.

ವ್ಯಾಪಾರದ ಪತ್ರಗಳಲ್ಲಿ ಮಾತ್ರ ಈ ಪದ ಸ್ವಲ್ಪ ಜಾರುತ್ತದೆ. 'ನಿಮ್ಮ ಬಿಲ್ಲು ಮಾರ್ಚ್‌ನಿಂದ ಔಟ್‌ಸ್ಟ್ಯಾಂಡಿಂಗ್ ಇದೆ' ಎಂದು ಬರೆದರೆ ಅದು ತಡವಾಗಿದೆ ಎಂಬ ತಗಾದೆಯೇ ಆಗಿರುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸಿ ಹೊರ ಊರುಗಳ ಅಂಗಡಿಗಳಿಗೆ ಉದ್ರಿ ಕೊಡುವ ಸಣ್ಣ ಘಟಕಗಳವರು ಇದನ್ನು ಚೆನ್ನಾಗಿ ತಿಳಿದಿರಬೇಕು. ಮಾಲು ಕಳಿಸಿದ 20ನೇ ದಿನಕ್ಕೆ ಬಿಲ್ಲು ಔಟ್‌ಸ್ಟ್ಯಾಂಡಿಂಗ್ ಹೌದು, ಒಪ್ಪಂದದಲ್ಲಿ 45 ದಿನ ಎಂದಿದ್ದರೆ ಓವರ್‌ಡ್ಯೂ ಅಲ್ಲ. ಆದರೆ ಕೊಳ್ಳುವವರು ಒಪ್ಪಂದದಲ್ಲಿ 90 ದಿನ ಎಂದು ಬರೆಸಿಕೊಂಡರೂ ಅದು ನಿಲ್ಲುವುದಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ನೋಂದಾಯಿತ ಕಿರು ಮತ್ತು ಸಣ್ಣ ಉದ್ಯಮಕ್ಕೆ ಹಣ ಕೊಡಲು ಗರಿಷ್ಠ ಗಡುವು 45 ದಿನ, ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ಇಲ್ಲಿ ಔಟ್‌ಸ್ಟ್ಯಾಂಡಿಂಗ್ ಯಾವ ದಿನ ಓವರ್‌ಡ್ಯೂ ಆಗುತ್ತದೆ ಎಂಬುದನ್ನು ಕಾನೂನೇ ಹೇಳಿಬಿಟ್ಟಿದೆ.

ನಿಮ್ಮ ಪಠ್ಯದ 'ಔಟ್‌ಸ್ಟ್ಯಾಂಡಿಂಗ್ ಸ್ಯಾಲರಿ' ಕಷ್ಟದ್ದೇನಲ್ಲ. ಮಾರ್ಚ್ ತಿಂಗಳಲ್ಲಿ ಸಿಬ್ಬಂದಿ ದುಡಿದಿದ್ದಾರೆ, ಸಂಬಳ ಏಪ್ರಿಲ್‌ನಲ್ಲಿ ಕೊಡುತ್ತಾರೆ. ಮಾರ್ಚ್ 31ಕ್ಕೆ ಲೆಕ್ಕ ಮುಗಿಸುವಾಗ ಆ ವೆಚ್ಚ ಆ ವರ್ಷದ್ದೇ, ಆದ್ದರಿಂದ ಲಾಭ ನಷ್ಟದ ಖಾತೆಯಲ್ಲಿ ವೆಚ್ಚಕ್ಕೆ ಸೇರಿಸಿ, ಆಸ್ತಿ ಹೊಣೆ ಪಟ್ಟಿಯಲ್ಲಿ ಹೊಣೆಯಾಗಿ ತೋರಿಸುತ್ತಾರೆ. ಇಲ್ಲೂ ತಡವಾದ ಅರ್ಥವಿಲ್ಲ ಎಂಬುದನ್ನು ಗಮನಿಸಿ. ನಮ್ಮ ಲೆಕ್ಕವನ್ನೂ ಬ್ಯಾಂಕಿನ ಲೆಕ್ಕವನ್ನೂ ಹೊಂದಿಸಿ ನೋಡುವ ಬ್ಯಾಂಕ್ ಸಮನ್ವಯ ಪಟ್ಟಿಯಲ್ಲಿ ಬರುವ ಔಟ್‌ಸ್ಟ್ಯಾಂಡಿಂಗ್ ಚೆಕ್ ಎಂದರೆ ನಾವು ಬರೆದುಕೊಟ್ಟು, ಪಡೆದವರು ಇನ್ನೂ ಬ್ಯಾಂಕಿಗೆ ಹಾಕದ ಚೆಕ್. 2012ರ ಏಪ್ರಿಲ್‌ನಿಂದ ಚೆಕ್ಕಿನ ಆಯುಸ್ಸು ಮೂರು ತಿಂಗಳು. ಔಟ್‌ಸ್ಟ್ಯಾಂಡಿಂಗ್ ಷೇರಿನಲ್ಲಿ ಸಾಲದ ವಾಸನೆಯೂ ಇಲ್ಲ, ಕಂಪನಿ ಹೊರಡಿಸಿ ಈಗ ಹೂಡಿಕೆದಾರರ ಕೈಯಲ್ಲಿರುವ ಷೇರುಗಳು ಎಂದಷ್ಟೇ ಅದರ ಅರ್ಥ. ಕಂಪನಿ ಮರಳಿ ಕೊಂಡು ರದ್ದು ಮಾಡಿದ್ದನ್ನು ಅದರಲ್ಲಿ ಎಣಿಸುವುದಿಲ್ಲ. ಇದಕ್ಕೆ ಹೊರಬಾಕಿ ಎಂದು ಬರೆಯಬೇಡಿ, 'ಚಲಾವಣೆಯಲ್ಲಿರುವ ಷೇರುಗಳು' ಎನ್ನಿ.

ನಾಳೆ ಶಾಖೆಗೆ ಹೋದಾಗ ತಂದೆಯವರ ಪಾಸ್‌ಬುಕ್ ಜೊತೆಗಿರಲಿ. ಅಸಲು ಎಷ್ಟು, ಈವರೆಗಿನ ಬಡ್ಡಿ ಎಷ್ಟು, ವಾಯಿದೆ ಯಾವತ್ತು, ರಿಯಾಯಿತಿ ಸಿಗಬೇಕಾದರೆ ಕೊನೆಯ ದಿನ ಯಾವುದು ಎಂದು ಕೇಳಿ, ಉತ್ತರವನ್ನು ಅಲ್ಲೇ ಬರೆದುಕೊಳ್ಳಿ. ಬಾಯಿಮಾತಿನಲ್ಲಿ ಹೇಳದಿದ್ದರೆ ಕನ್ನಡದಲ್ಲೇ ಅರ್ಜಿ ಬರೆದು ಸ್ವೀಕೃತಿ ಪಡೆಯಿರಿ. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಮಾಹಿತಿಗೆ 14448 ಸಂಖ್ಯೆಗೆ ಕರೆ ಮಾಡಬಹುದು. ಬಳ್ಳಾರಿಯಲ್ಲಿ ಕೇಂದ್ರ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನಂಥ ಗ್ರಾಮೀಣ ಬ್ಯಾಂಕುಗಳೂ ಆ ವ್ಯವಸ್ಥೆಯೊಳಗೆ ಬರುತ್ತವೆ. ಊರಿನ ಪ್ರಾಥಮಿಕ ಸಹಕಾರ ಸಂಘ ಮಾತ್ರ ಅದರಲ್ಲಿಲ್ಲ. ಸಂಘದಲ್ಲೂ ನಿಮ್ಮ ತಂದೆಯವರ ಸಾಲ ಇದ್ದರೆ ಅದರ ವಾಯಿದೆಯನ್ನು ಬೇರೆಯಾಗಿ ಕೇಳಿ. ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ ಸಹಕಾರ ಸಂಘಗಳ ಶೂನ್ಯ ಬಡ್ಡಿಯ ಬೆಳೆಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದೆ, ಆ ಶೂನ್ಯ ಬಡ್ಡಿ ಉಳಿಯುವುದೂ ವಾಯಿದೆಯೊಳಗೆ ಕಟ್ಟಿದಾಗ ಮಾತ್ರ.